ಬಾವಿ ಹಗ್ಗದಿಂದ ವಿಂಚ್ ರೋಪಿನವರೆಗೆ: ನಮ್ಮ ಕಡಲ ಹಗ್ಗದ ಚರಿತ್ರೆ

ಎರಡು ವರ್ಷಗಳ ಹಿಂದೆ ನಾನು ಪತ್ರಿಕೆಗೆ ಒಂದು ಸುದ್ದಿ ಕಳಿಸಿದ್ದೆ. ನಾಲ್ಕೇ ಸಾಲು. ಆಳಸಮುದ್ರದಲ್ಲಿ ಬಲೆ ಎಳೆಯುವಾಗ ವಿಂಚ್‌ಗೆ ಕೈ ಸಿಕ್ಕಿ ಕಾರ್ಮಿಕನೊಬ್ಬ ಎರಡು ಬೆರಳು ಕಳೆದುಕೊಂಡಿದ್ದಾನೆ, ಬೋಟು ದಡಕ್ಕೆ ಮರಳಿದೆ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲಾಗಿದೆ. ಇಷ್ಟೇ. ಮರುದಿನ ಒಳಪುಟದ ಮೂಲೆಯಲ್ಲಿ ಅಚ್ಚಾಯಿತು. ಹುಡುಗ ದೂರದ ರಾಜ್ಯದವನು, ಊರಿಗೆ ಹೋದನಂತೆ. ನಾನೂ ಮರೆತೆ.

ಕಳೆದ ಜುಲೈಯಲ್ಲಿ ಮತ್ತೆ ಅದೇ ಧಕ್ಕೆಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುತ್ತದಲ್ಲ, ಆ ದಿನಗಳಲ್ಲಿ ನಮ್ಮಂಥ ವರದಿಗಾರರು ಪ್ರತಿವರ್ಷ ಒಂದೇ ಸುದ್ದಿ ಬರೆಯುತ್ತೇವೆ. ಬೋಟುಗಳಿಗೆ ಬಣ್ಣ, ಬಲೆಗಳಿಗೆ ಹೊಲಿಗೆ, ಜತೆಗೊಂದು ಫೋಟೋ. ಮಳೆ ಸ್ವಲ್ಪ ಬಿಟ್ಟಿತ್ತು. ಒಂದು ಬೋಟಿನ ವಿಂಚ್ ಡ್ರಮ್ಮಿನಿಂದ ಉಕ್ಕಿನ ರೋಪನ್ನೆಲ್ಲ ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಎಳೆದಿದ್ದರು. ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು ಹಳೇ ಬನಿಯನ್ನಿನ ತುಂಡೊಂದನ್ನು ರೋಪಿನ ಸುತ್ತ ಹಿಡಿದು, ನಿಧಾನಕ್ಕೆ ನಡೆಯುತ್ತಾ ಉಜ್ಜಿಕೊಂಡು ಬರುತ್ತಿದ್ದರು. ನಾನು ಅದನ್ನು ಒರೆಸುವ ಕೆಲಸ ಅಂದುಕೊಂಡೆ.

ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಅವರು ನಿಂತರು, ಬಗ್ಗಿ ನೋಡಿದರು, ಅಲ್ಲಿಗೆ ಕೆಂಪು ಬಣ್ಣ ಹಚ್ಚಿ ಮುಂದಕ್ಕೆ ಹೋದರು. ಏನದು ಅಂತ ಕೇಳಿದೆ. ರೋಪಿನ ಒಂದು ಸಣ್ಣ ತಂತಿ ತುಂಡಾದರೆ ಅದರ ತುದಿ ಮುಳ್ಳಿನ ಹಾಗೆ ಹೊರಗೆ ಬರುತ್ತದೆ, ಕಣ್ಣಿಗೆ ಕಾಣದಿದ್ದರೂ ಬಟ್ಟೆಗೆ ಸಿಗುತ್ತದೆ ಎಂದರು. ಇವತ್ತು ಬಟ್ಟೆ ಸಿಕ್ಕಿದ ಜಾಗದಲ್ಲೇ ನಾಳೆ ಕಲಾಸಿಯ ಗ್ಲೌಸ್ ಸಿಗುತ್ತದೆ. ಗ್ಲೌಸ್ ಸಿಕ್ಕಿದರೆ ಕೈ ಅದರ ಹಿಂದೆಯೇ ಡ್ರಮ್ಮಿಗೆ ಹೋಗುತ್ತದೆ.

ನನಗೆ ಆ ನಾಲ್ಕು ಸಾಲು ನೆನಪಾಯಿತು. ಆ ಸುದ್ದಿ ಬರೆಯುವಾಗ ನಾನು ಬೋಟಿನ ಹೆಸರು ಕೇಳಿದ್ದೆ, ಹುಡುಗನ ವಯಸ್ಸು ಕೇಳಿದ್ದೆ, ಆಸ್ಪತ್ರೆ ಯಾವುದು ಅಂತ ಕೇಳಿದ್ದೆ. ರೋಪಿಗೆ ಎಷ್ಟು ವರ್ಷ ಆಗಿತ್ತು, ಅದನ್ನು ಕೊನೆಯ ಬಾರಿ ನೋಡಿದವರು ಯಾರು ಎಂದು ಕೇಳಿರಲಿಲ್ಲ. ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ.

ಮೀನಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅದನ್ನು ಎಳೆದು ತರುವ ಹಗ್ಗದ ಬಗ್ಗೆ, ಆ ಹಗ್ಗವನ್ನು ಯಾರು ನೋಡಿಕೊಂಡರು ಅನ್ನುವುದರ ಬಗ್ಗೆ ಬರೆದವರು ಕಡಿಮೆ. ಹಾಗಾಗಿ ಈ ಲೇಖನ.

ಹತ್ತಿಗೆ ಬಿಸಿಲೇ ವೈದ್ಯ

ನಾನು ಕರಾವಳಿಯವನಾದರೂ ಕಡಲಿನಿಂದ ಸ್ವಲ್ಪ ಒಳಗಿನ ಗದ್ದೆ ಬಯಲಿನವನು. ನನಗೆ ಗೊತ್ತಿದ್ದ ಹಗ್ಗವೆಂದರೆ ಬಾವಿ ಹಗ್ಗ. ಅಜ್ಜಿ ವರ್ಷಕ್ಕೊಮ್ಮೆ ಅದನ್ನು ತಿರುವಿ ಕಟ್ಟಿಸುತ್ತಿದ್ದರು. ಕೊಡಪಾನ ಕಟ್ಟುವ ತುದಿ ಸದಾ ನೀರಲ್ಲಿ ನೆನೆದು, ರಾಟೆಗೆ ಉಜ್ಜಿ ಬೇಗ ಸವೆಯುತ್ತದೆ. ಕೈಯಲ್ಲಿ ಹಿಡಿಯುವ ತುದಿ ಹೊಸದರಂತೆಯೇ ಇರುತ್ತದೆ. ತುದಿ ಬದಲಿಸಿದರೆ ಒಂದು ಹಗ್ಗ ಎರಡು ಹಗ್ಗದಷ್ಟು ಬಾಳುತ್ತದೆ. ಮಳೆಗಾಲದಲ್ಲಿ ಉಳಿದ ಹಗ್ಗಗಳನ್ನು ಸುರುಳಿ ಸುತ್ತಿ, ಒಲೆಯ ಹೊಗೆ ತಾಗುವ ಕಡೆ ಅಟ್ಟಕ್ಕೆ ನೇತು ಹಾಕುತ್ತಿದ್ದರು. ಈ ಎರಡು ವಿದ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಡಲ ದಂಡೆಯ ಮನೆಗಳಲ್ಲಿ ಇದೇ ಕೆಲಸ ನೂರು ಪಟ್ಟು ದೊಡ್ಡದಿತ್ತು. ನೈಲಾನ್ ಬರುವ ಮುಂಚೆ ಬಲೆ, ಗಾಳದ ದಾರ, ಎಳೆಯುವ ಹಗ್ಗ ಎಲ್ಲವೂ ಗಿಡದಿಂದಲೇ ಬರಬೇಕಿತ್ತು. ಸೆಣಬು, ಹತ್ತಿ ಬಲೆಗೆ. ತೆಂಗಿನ ನಾರು ಎಳೆಯುವ ಹಗ್ಗಕ್ಕೆ. ತೆಂಗಿನ ನಾರು ಉಪ್ಪುನೀರಿಗೆ ಅಷ್ಟು ಬೇಗ ಸೋಲುವುದಿಲ್ಲ, ಯಾಕೆಂದರೆ ಅದರಲ್ಲಿ ಮರದ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಜಾಸ್ತಿ. ಹತ್ತಿ ಹಾಗಲ್ಲ. ಒದ್ದೆಯಾದಾಗ ಅದರ ಬಲ ಹೆಚ್ಚುತ್ತದೆ, ಆದರೆ ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ಗಿಡದ ನಾರನ್ನು ತಿನ್ನುವ ಸೂಕ್ಷ್ಮಜೀವಿಗಳು ಕಡಲ ನೀರಿನಲ್ಲೂ ಇವೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಅವುಗಳ ಕೆಲಸ ಇನ್ನೂ ಚುರುಕು. ಮೀನಿನ ಲೋಳೆ ಹತ್ತಿದ ಬಲೆಯನ್ನು ರಾಶಿ ಹಾಕಿ ಬಿಟ್ಟರೆ, ಗೊಬ್ಬರದ ಗುಂಡಿಯ ಹಾಗೆ ಒಳಗೇ ಬಿಸಿಯಾಗಿ ದಾರ ಪುಡಿಯಾಗುತ್ತದೆ.

ಅದಕ್ಕೆ ಮದ್ದು ಮೂರು: ತೊಳೆಯುವುದು, ಒಣಗಿಸುವುದು, ಒಗರು ಕುಡಿಸುವುದು. ಮೀನು ಬಿಡಿಸಿದ ಮೇಲೆ ಬಲೆಯನ್ನು ತೊಳೆದು ಮರಳಿನ ಮೇಲೆ ಹರಡುತ್ತಿದ್ದರು, ಇಲ್ಲವೇ ಬಿದಿರಿನ ಗಳುವಿನ ಮೇಲೆ ನೇತು ಹಾಕುತ್ತಿದ್ದರು. ಹಳೆಯ ಫೋಟೋಗಳಲ್ಲಿ ಕಡಲ ದಂಡೆಯ ಯಾವ ಊರನ್ನು ನೋಡಿದರೂ ಬಲೆ ಒಣಗುತ್ತಿರುವುದು ಕಾಣುವುದು ಇದಕ್ಕೇ. ಆಗಾಗ ಬಲೆಯನ್ನು ಒಗರಿನ ಕಷಾಯದಲ್ಲಿ ನೆನೆಸಬೇಕಿತ್ತು. ಹಸಿ ಬಾಳೆಕಾಯಿ, ಎಳೆ ಗೇರುಕಾಯಿ ಕಚ್ಚಿದಾಗ ನಾಲಿಗೆಗೆ ಹಿಡಿಯುವ ಒಗರು ಇದೆಯಲ್ಲ, ಅದೇ ವಸ್ತು ಮರದ ತೊಗಟೆಯಲ್ಲಿ ತುಂಬಾ ಇರುತ್ತದೆ. ಚರ್ಮ ಹದ ಮಾಡುವುದೂ ಅದರಿಂದಲೇ. ಹಿನ್ನೀರಿನ ಕಾಂಡ್ಲ ಗಿಡದ ತೊಗಟೆ, ಹುಣಸೆ ಬೀಜದ ಸಿಪ್ಪೆ, ಹೀಗೆ ಭಾರತದ ಕರಾವಳಿಯಲ್ಲಿ ಆಯಾ ಊರಿನಲ್ಲಿ ಸಿಗುವ ಒಗರನ್ನು ಕುದಿಸಿ ಬಲೆಗೆ ಕುಡಿಸುತ್ತಿದ್ದರು. ಬಲೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಆ ಬಣ್ಣವೇ ಅದರ ಆರೋಗ್ಯದ ಗುರುತು. ಬಣ್ಣ ಮಾಸಿದರೆ ಮತ್ತೆ ಹಂಡೆ ಒಲೆಗೇರಬೇಕು.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಎಲೆಯಡಿಕೆಗೆ ಹಾಕುವ ಕಾಚು ಗೊತ್ತಲ್ಲ? 19ನೇ ಶತಮಾನದಲ್ಲಿ ಭಾರತ, ಬರ್ಮಾ ಕಡೆಯಿಂದ ಕಾಚು ಹಡಗೇರಿ ಇಂಗ್ಲೆಂಡ್, ಸ್ಕಾಟ್ಲೆಂಡಿನ ಬಂದರುಗಳಿಗೆ ಹೋಗುತ್ತಿತ್ತು. ಅಲ್ಲಿನ ಮೀನುಗಾರರು ಅದನ್ನು ದೊಡ್ಡ ಹಂಡೆಗಳಲ್ಲಿ ಕುದಿಸಿ ಬಲೆಗೂ ಹಾಯಿಗೂ ಕುಡಿಸುತ್ತಿದ್ದರು. ಅವರ ಹಾಯಿಗಳ ಕೆಂಗಂದು ಬಣ್ಣದ ಹಿಂದೆ ನಮ್ಮ ಕಡೆಯ ಕಾಚೂ ಇತ್ತು.

ಒಬ್ಬನ ತುಂಡು ಕೊಳೆತರೆ ಎಲ್ಲರ ಮೀನು ಹೋಯಿತು

ಈ ಆರೈಕೆ ದೊಡ್ಡ ವ್ಯವಸ್ಥೆಯಾಗಿ ಬೆಳೆದದ್ದು ರಂಪಣಿಯಲ್ಲಿ. ಬಯಲುಸೀಮೆಯ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಂಪಣಿ ಅಂದರೆ ದಡದಿಂದ ಎಳೆಯುವ ಭಾರೀ ಬಲೆ. ಮಳೆಗಾಲ ಮುಗಿದ ಮೇಲೆ ಬಂಗುಡೆ, ಭೂತಾಯಿ ಮೀನು ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತವೆ. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಹಿಂಡು ಎಲ್ಲಿದೆ ಎಂದು ಹೇಳುವ ಅನುಭವಿಗಳು ದಂಡೆಯಲ್ಲಿ ಕಾಯುತ್ತಿದ್ದರು. ಅವರು ಕೂಗಿದ ಕೂಡಲೇ ಬಲೆ ತುಂಬಿದ ದೋಣಿ ಹೊರಡುತ್ತದೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ. ದೋಣಿ ಬಲೆ ಬಿಡುತ್ತಾ ಹಿಂಡನ್ನು ಸುತ್ತಿ, ಇನ್ನೊಂದು ತುದಿಯನ್ನು ಸ್ವಲ್ಪ ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡು ಸಾಲಾಗಿ ಜನ ನಿಂತು ಎಳೆಯುವುದು. ಬಲೆಯ ಉದ್ದ ನೂರಾರು ಮೀಟರ್, ದೊಡ್ಡ ರಂಪಣಿ ಕಿಲೋಮೀಟರ್ ಹತ್ತಿರ. ಎಳೆಯಲು ಹತ್ತಾರು ಜನ ಸಾಲದು, ಊರೇ ಬೇಕು. ಮೀನು ಹೆಚ್ಚು ಸಿಕ್ಕರೆ ಬಲೆಯನ್ನು ದಡದ ನೀರಿನಲ್ಲೇ ನಿಲ್ಲಿಸಿ, ಬೇಕಾದಷ್ಟೇ ತೆಗೆಯುತ್ತಾ ಮೀನನ್ನು ಜೀವಂತ ಇಟ್ಟುಕೊಳ್ಳುವ ರೂಢಿಯೂ ಇತ್ತು.

ಇಷ್ಟು ದೊಡ್ಡ ಬಲೆಯನ್ನು ಒಂದು ಮನೆ ಕಟ್ಟಲಾರದು. ಅದಕ್ಕೆ ಮನೆ ಮನೆಯಿಂದ ಬಲೆಯ ತುಂಡುಗಳು ಬರುತ್ತಿದ್ದವು. ಎಲ್ಲವನ್ನೂ ಸೇರಿಸಿ ಹೊಲಿದರೆ ರಂಪಣಿ. ಮೀನು ಮಾರಿದ ಹಣದಲ್ಲಿ ದೋಣಿಗೆ ಪಾಲು, ಬಲೆಯ ತುಂಡಿಗೆ ಪಾಲು, ಎಳೆದ ಮೈಗೆ ಪಾಲು. ಇವತ್ತಿಗೂ ನಮ್ಮ ಕಡೆ 'ರಂಪಣಿ ಫಂಡ್' ಅನ್ನುವ ಹೆಸರು ಉಳಿದಿರುವುದು ಆ ಕೂಟದ ನೆನಪಿನಲ್ಲೇ.

ಈಗ ಹಗ್ಗದ ಕಣ್ಣಿನಿಂದ ಇದನ್ನು ನೋಡಿ. ನನ್ನ ಮನೆಯ ತುಂಡನ್ನು ನಾನು ಸರಿಯಾಗಿ ಒಣಗಿಸದೆ, ಒಗರು ಕುಡಿಸದೆ ಬಿಟ್ಟೆ ಅಂತಿಟ್ಟುಕೊಳ್ಳಿ. ಹಿಂಡು ತುಂಬಿದಾಗ ಬಲೆ ಹರಿಯುವುದು ನನ್ನ ತುಂಡಿನಲ್ಲಿ. ಆದರೆ ಹೋಗುವ ಮೀನು ನನ್ನೊಬ್ಬನದಲ್ಲ, ಇಡೀ ಊರಿನದು. ಹಾಗಾಗಿ ಪಕ್ಕದ ಮನೆಯ ಬಲೆ ಒಣಗಿದೆಯೋ ಇಲ್ಲವೋ ಎಂದು ನೋಡುವುದು ಅಧಿಕಪ್ರಸಂಗ ಆಗಿರಲಿಲ್ಲ. ಬಲೆಯ ಆರೈಕೆ ನಾಲ್ಕು ಜನರ ಕಣ್ಣೆದುರು ನಡೆಯಬೇಕಾದ ಕೆಲಸವಾಗಿತ್ತು.

ಇದನ್ನು ಚಿನ್ನದ ಕಾಲ ಅಂತ ನಾನು ಹೇಳುತ್ತಿಲ್ಲ. ಹಿಂಡು ಬಾರದ ವರ್ಷ ಊರಿಡೀ ಉಪವಾಸ ಬೀಳುತ್ತಿತ್ತು. ತುಂಡು ಹೆಚ್ಚು ಇದ್ದವನಿಗೆ ಪಾಲೂ ಹೆಚ್ಚು, ಮೈ ಮಾತ್ರ ಇದ್ದವನಿಗೆ ಕಡಿಮೆ. ದಾರ ಹೊಸೆದು, ಬಲೆ ಹರಡಿ, ಮೀನು ಹೊತ್ತು ಮಾರಿದ ಹೆಂಗಸರ ದುಡಿಮೆಗೆ ಲೆಕ್ಕ ಇಟ್ಟವರು ಯಾರು? ಆದರೂ ಒಂದು ವಿಷಯ ನಿಜ. ಹಗ್ಗ ಹಿಡಿಯುವವನೂ ಹಗ್ಗ ನೋಡಿಕೊಳ್ಳುವವನೂ ಆಗ ಬೇರೆ ಬೇರೆ ಆಗಿರಲಿಲ್ಲ.

ಕೊಳೆಯದ ದಾರ ಬಂತು

1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವಾಲೇಸ್ ಕ್ಯಾರೊಥರ್ಸ್ ಎಂಬ ರಸಾಯನ ವಿಜ್ಞಾನಿಯ ತಂಡ ನೈಲಾನ್ ತಯಾರಿಸಿತು. 1938ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಮೊದಲು ಹಲ್ಲುಜ್ಜುವ ಬ್ರಷ್ಷಿನ ಕೂದಲು, ಆಮೇಲೆ ಹೆಂಗಸರ ಕಾಲುಚೀಲ, ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್. ಯುದ್ಧ ಮುಗಿದ ಮೇಲೆ ಅದು ಜಗತ್ತಿನ ಮೀನುಗಾರರ ಕೈಗೆ ಬಂತು. ನಮ್ಮ ದೇಶದಲ್ಲಿ 1952ರಲ್ಲಿ ನಾರ್ವೆ ದೇಶದ ಜತೆ ಒಪ್ಪಂದವಾಗಿ ಕೇರಳದ ಕೊಲ್ಲಂ ಹತ್ತಿರ ಮೀನುಗಾರಿಕೆಯ ದೊಡ್ಡ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದರ ಕೆಲಸ ನಮ್ಮ ಕಾರವಾರಕ್ಕೂ ಬಂತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಆರಂಭವಾಯಿತು. ಯಂತ್ರದ ಬೋಟು, ನೈಲಾನ್ ಬಲೆ ಎರಡೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ನಮ್ಮ ದಂಡೆಗೆ ತಲುಪಿದವು.

ಹತ್ತಿಯ ಬಲೆ ಕಟ್ಟಿ ಬೇಸತ್ತವರಿಗೆ ನೈಲಾನ್ ಪವಾಡ. ಕೊಳೆಯುವುದಿಲ್ಲ. ಒಗರು ಬೇಡ, ಹಂಡೆ ಬೇಡ, ದಿನಾ ಹರಡಿ ಒಣಗಿಸಬೇಕಿಲ್ಲ. ತೆಳ್ಳಗಿದ್ದರೂ ಗಟ್ಟಿ, ನೀರಿನಲ್ಲಿ ಮೀನಿನ ಕಣ್ಣಿಗೆ ಬೀಳುವುದೂ ಕಡಿಮೆ. ಒಂದು ಪೀಳಿಗೆಯೊಳಗೆ ತೊಗಟೆಯ ಹಂಡೆಗಳು ಮೂಲೆ ಸೇರಿದವು.

ಆದರೆ ಹಳೆಯ ಅಭ್ಯಾಸ ಬೇಗ ಹೋಗಲಿಲ್ಲ. ಬಲೆ ಅಂದರೆ ಬಿಸಿಲಿಗೆ ಹಾಕಬೇಕು ಅನ್ನುವುದು ಕೈಗೆ ಅಂಟಿಕೊಂಡಿತ್ತು. ಹತ್ತಿಗೆ ವೈದ್ಯನಾದ ಬಿಸಿಲು ನೈಲಾನಿಗೆ ವೈರಿ. ಸೂರ್ಯನ ಅತಿನೇರಳೆ ಕಿರಣಗಳು ಅದರ ಎಳೆಗಳನ್ನು ಒಳಗಿನಿಂದ ಬಿಡಿಸುತ್ತವೆ, ಬಲೆ ನೋಡಲು ಹೊಸದಾಗಿಯೇ ಇದ್ದು ಎಳೆದರೆ ಹರಿಯುತ್ತದೆ. ಅದನ್ನು ನೆರಳಿನಲ್ಲಿ ಮುಚ್ಚಿಡಬೇಕು. ಹತ್ತಿಯ ಗಂಟು ನೈಲಾನಿಗೆ ಹಾಕಿದರೆ ನುಣುಪಿಗೆ ಜಾರುತ್ತದೆ, ಎರಡು ಸುತ್ತಿನ ಗಂಟು ಬೇಕು. ಹೊಸ ದಾರಕ್ಕೆ ಹೊಸ ಆರೈಕೆ ಕಲಿಯಬೇಕಿತ್ತು. ನೈಲಾನಿಗೆ ಆರೈಕೆಯೇ ಬೇಡ ಅಂದುಕೊಂಡದ್ದು ಮೊದಲ ತಪ್ಪು.

ಕೊಳೆಯದಿರುವುದಕ್ಕೆ ಇನ್ನೊಂದು ಮುಖವೂ ಇದೆ. ಕಡಲಲ್ಲಿ ಕಳೆದುಹೋದ ಹತ್ತಿ ಬಲೆ ಸ್ವಲ್ಪ ಕಾಲದಲ್ಲಿ ಕರಗಿ ಹೋಗುತ್ತಿತ್ತು. ಕಳೆದುಹೋದ ನೈಲಾನ್ ಬಲೆ ಯಾರಿಗೂ ಬೇಡದ ಮೀನನ್ನು, ಆಮೆಯನ್ನು ವರ್ಷಗಟ್ಟಲೆ ಹಿಡಿದು ಕೊಲ್ಲುತ್ತಲೇ ಇರುತ್ತದೆ.

ಕೈಯಿಂದ ಡ್ರಮ್ಮಿಗೆ

ಯಂತ್ರದ ಬೋಟಿನ ಜತೆ ಟ್ರಾಲ್ ಬಲೆ ಬಂತು. ಕಡಲ ತಳದಲ್ಲಿ ಎಳೆದುಕೊಂಡು ಹೋಗುವ ಚೀಲದಂಥ ಬಲೆ ಅದು. ಬಾಯಿ ತೆರೆದಿರಲು ಎರಡು ಬದಿ ಭಾರದ ಬೋರ್ಡುಗಳು. ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದದ ಹಗ್ಗವನ್ನು ಬಿಡಬೇಕು. ಇದನ್ನು ಕೈಯಲ್ಲಿ ಎಳೆಯುವ ಮಾತೇ ಇಲ್ಲ. ನಾರಿನ ಹಗ್ಗದ ಜಾಗಕ್ಕೆ ಉಕ್ಕಿನ ತಂತಿ ಹಗ್ಗ, ಜನರ ಸಾಲಿನ ಜಾಗಕ್ಕೆ ಎಂಜಿನ್ ಬಲದಿಂದ ತಿರುಗುವ ವಿಂಚ್ ಬಂತು. 1960ರ ದಶಕದಲ್ಲಿ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದ ಮೇಲೆ ಟ್ರಾಲ್ ಬೋಟುಗಳು ವೇಗವಾಗಿ ಹೆಚ್ಚಿದವು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಇದರ ತಂತ್ರ ನಮ್ಮ ಹಳೆಯ ಸಂಚಿಯದು. ಸಂಚಿಯ ಬಾಯಿಗೆ ದಾರ ಪೋಣಿಸಿ ಎಳೆದರೆ ಬಾಯಿ ಮುಚ್ಚುತ್ತದೆ. ಹಾಗೆಯೇ ಬಲೆಯ ಕೆಳ ಅಂಚಿಗೆ ಲೋಹದ ಬಳೆಗಳು, ಬಳೆಗಳೊಳಗೆ ಹಗ್ಗ. ಹಿಂಡನ್ನು ಸುತ್ತಿದ ಮೇಲೆ ವಿಂಚ್ ಆ ಹಗ್ಗವನ್ನು ಎಳೆದರೆ ತಳ ಮುಚ್ಚುತ್ತದೆ. ಹಿಂಡು ದಡಕ್ಕೆ ಬರುವವರೆಗೆ ಕಾಯಬೇಕಿಲ್ಲ, ಕಡಲಲ್ಲೇ ಹೋಗಿ ಹಿಡಿಯಬಹುದು.

ರಂಪಣಿಯವರು ಕಾಯುತ್ತಿದ್ದ ಬಂಗುಡೆ, ಭೂತಾಯಿ ದಡ ತಲುಪುವ ಮುಂಚೆಯೇ ಬೋಟಿಗೆ ಏರಿತು. 1970ರ ದಶಕದ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ಇದರಿಂದ ದೊಡ್ಡ ಸಂಘರ್ಷವೇ ಆಯಿತು. ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ರಾಜ್ಯದ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ದೊಡ್ಡ ರಂಪಣಿಗಳ ಕಾಲ ಮುಗಿಯುತ್ತಾ ಬಂದಿತ್ತು. ರಂಪಣಿ ಎಳೆದ ಅನೇಕರು ಪರ್ಸೀನ್ ಬೋಟಿನ ಪಾಲುದಾರರಾದರು, ಇಲ್ಲವೇ ಅದೇ ಬೋಟಿನ ಆಳಾದರು. ಇವತ್ತು ಮಳೆಗಾಲದಲ್ಲಿ ಕೆಲವು ಕಡೆ ಕಾಣುವ ಕೈರಂಪಣಿ ಆ ದೊಡ್ಡ ಬಲೆಯ ಮರಿ.

ಈ ಜಗಳದ ಬಗ್ಗೆ ಬರೆಯುವವರು ಮೀನು ಯಾರಿಗೆ ಹೋಯಿತು ಎಂದು ಕೇಳುತ್ತಾರೆ. ಹಗ್ಗ ಯಾರ ಕೈಗೆ ಹೋಯಿತು ಅನ್ನುವುದೂ ಅಷ್ಟೇ ಮುಖ್ಯ. 1980ರ ದಶಕದ ನಂತರ ಬೋಟುಗಳು ಒಂದೆರಡು ದಿನದ ಬದಲು ವಾರಗಟ್ಟಲೆ ಕಡಲಲ್ಲಿ ಉಳಿಯತೊಡಗಿದವು. ಮಾಲೀಕರು ದಡದಲ್ಲಿ, ತಾಂಡೇಲರು ಚುಕ್ಕಾಣಿಯಲ್ಲಿ. ವಿಂಚ್ ಪಕ್ಕ ನಿಂತವರು ಆಂಧ್ರ, ಒಡಿಶಾ, ಜಾರ್ಖಂಡ್, ತಮಿಳುನಾಡಿನಿಂದ ಬಂದ ಕಲಾಸಿಗಳು. ಸೀಸನ್ ಮುಗಿದ ಮೇಲೆ ಅವರು ಊರಿಗೆ ಹೋಗುತ್ತಾರೆ, ಮುಂದಿನ ವರ್ಷ ಬೇರೆ ಬೋಟು ಹತ್ತಬಹುದು. ರೋಪು ಮಾತ್ರ ಅದೇ ಡ್ರಮ್ಮಿನಲ್ಲಿ ಇರುತ್ತದೆ. ಹೋದ ವರ್ಷ ಅದು ಎಲ್ಲಿ ಬಂಡೆಗೆ ಸಿಕ್ಕಿತ್ತು, ಎಲ್ಲಿ ಮುರುಟಿತ್ತು ಎಂದು ಹೊಸ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ತಂತಿ ಹಗ್ಗ ಹೇಗೆ ಸಾಯುತ್ತದೆ

ಆ ಹಿರಿಯರ ಪಕ್ಕ ಕೂತು ನಾನು ಅರ್ಧ ದಿನ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ತಂತಿ ಹಗ್ಗ ಒಂದೇ ತಂತಿಯಲ್ಲ. ಸಣ್ಣ ಸಣ್ಣ ತಂತಿಗಳನ್ನು ಹೊಸೆದು ಒಂದು ಎಳೆ. ಅಂಥ 6 ಎಳೆಗಳನ್ನು ಒಂದು ತಿರುಳಿನ ಸುತ್ತ ಹೊಸೆದರೆ ರೋಪು. ಅನೇಕ ರೋಪುಗಳಲ್ಲಿ ತಿರುಳು ನಾರಿನದೇ. ಆ ನಾರು ಗ್ರೀಸನ್ನು ಕುಡಿದುಕೊಂಡು ಒಳಗಿನಿಂದ ತಂತಿಗಳಿಗೆ ಉಣಿಸುತ್ತದೆ. ನಮ್ಮ ಹಳೆಯ ನಾರಿನ ಹಗ್ಗ ಪೂರ್ತಿ ಸತ್ತಿಲ್ಲ, ಉಕ್ಕಿನ ಹೊಟ್ಟೆಯೊಳಗೆ ಕೂತಿದೆ.

ಗ್ರೀಸ್ ಒಣಗಿದರೆ ಆ ಜಾಗಕ್ಕೆ ಉಪ್ಪುನೀರು ಹೋಗುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಸತುವಿನ ಲೇಪನ ಹೊಳೆಯುತ್ತಿದ್ದರೂ ಒಳಗೆ ತಂತಿ ಸವೆದಿರಬಹುದು. ಆಗ ರೋಪಿನ ದಪ್ಪ ಇಳಿದಿರುತ್ತದೆ. ಅಳೆದು ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಎರಡನೆಯದು ಮುರುಟು. ಸಡಿಲ ಬಿದ್ದ ರೋಪು ಸುರುಳಿಯಾಗಿ, ಹಾಗೆಯೇ ಬಿಗಿ ಎಳೆದರೆ ಅಲ್ಲೊಂದು ಗಾಯ ಉಳಿಯುತ್ತದೆ. ಸುತ್ತಿಗೆಯಲ್ಲಿ ಬಡಿದು ನೇರ ಮಾಡಿದರೆ ಕಣ್ಣಿಗೆ ನೇರ, ಬಲ ಮಾತ್ರ ತಿರುಗಿ ಬರುವುದಿಲ್ಲ.

ಮೂರನೆಯದು ಡ್ರಮ್ಮಿನ ಮೇಲಿನ ಸುತ್ತು. ರೋಪು ಬಟ್ಟೆ ಅಂಗಡಿಯ ದಾರದ ಉಂಡೆಯ ಹಾಗೆ ಸಾಲು ಸಾಲಾಗಿ, ಬಿಗಿಯಾಗಿ ಕೂರಬೇಕು. ಕೆಳಗಿನ ಸುತ್ತು ಸಡಿಲವಿದ್ದರೆ ಭಾರ ಬಿದ್ದಾಗ ಮೇಲಿನದು ಅದರ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ. ಬಿಡುವಾಗ ಝಲ್ಲನೆ ಜಗ್ಗುತ್ತದೆ. ಒಂದೇ ಕಡೆ ಗುಡ್ಡೆಯಾಗುವುದನ್ನು ತಪ್ಪಿಸಲು ರೋಪನ್ನು ಆಚೆ ಈಚೆ ನೂಕಬೇಕು. ನೂಕಲು ಏನೂ ವ್ಯವಸ್ಥೆ ಇಲ್ಲದಿದ್ದರೆ ಕಲಾಸಿ ಕೈ ಹಾಕುತ್ತಾನೆ, ಇಲ್ಲವೇ ಕಾಲಲ್ಲಿ ಒದೆಯುತ್ತಾನೆ. ನಾನು ನಾಲ್ಕು ಸಾಲಿನಲ್ಲಿ ಬರೆದ ಹುಡುಗ ಅವತ್ತು ಇದೇ ಕೆಲಸ ಮಾಡುತ್ತಿದ್ದ ಎಂದು ಈಗ ವಿಚಾರಿಸಿದಾಗ ತಿಳಿಯಿತು.

ಇನ್ನು ರೋಪು ಪೂರ್ತಿ ತುಂಡಾದರೆ ಅದು ಬಿದ್ದ ಜಾಗದಲ್ಲಿ ಇರುವುದಿಲ್ಲ. ಬಿಗಿಯೆಲ್ಲ ಒಂದೇ ಕ್ಷಣಕ್ಕೆ ಬಿಡುಗಡೆಯಾಗಿ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗುವುದರಿಂದ ಅದು ಬೀಸುವ ಏಟು ಇನ್ನೂ ಜೋರು. ಬಿಗಿಯಾದ ಹಗ್ಗದ ನೇರಕ್ಕೆ ನಿಲ್ಲಬೇಡ ಅನ್ನುವುದು ಧಕ್ಕೆಯ ಮೊದಲ ಪಾಠ.

ಮದ್ದು ಏನು? ಆ ಹಿರಿಯರು ಹೇಳಿದ್ದನ್ನು ಕೇಳಿ ನನಗೆ ಅಜ್ಜಿಯೇ ನೆನಪಾದರು. ರಜೆಯಲ್ಲಿ ಪೂರ್ತಿ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಗ್ರೀಸ್ ಒಳಗೆ ಇಳಿಯುವಂತೆ ಹಚ್ಚಬೇಕು. ಬಟ್ಟೆ ಹಿಡಿದು ಉದ್ದಕ್ಕೂ ನೋಡಬೇಕು, ಬರಿಗೈಯಲ್ಲಿ ಬೇಡ. ಬೋರ್ಡಿಗೆ ಕಟ್ಟುವ ತುದಿ ಹೆಚ್ಚು ಸವೆಯುವುದರಿಂದ ಸವೆದ ಉದ್ದವನ್ನು ಕತ್ತರಿಸಿ ಹೊಸದಾಗಿ ಕುಣಿಕೆ ಮಾಡಬೇಕು. ಉಳಿದದ್ದು ಗಟ್ಟಿಯಿದ್ದರೆ ತುದಿ ತಿರುವಿ, ಇಷ್ಟು ದಿನ ಡ್ರಮ್ಮಿನ ಅಡಿಯಲ್ಲಿದ್ದ ಭಾಗವನ್ನು ಹೊರಗೆ ತರಬೇಕು. ತುಂಡಾದ ತಂತಿಗಳು ಒಂದೇ ಕಡೆ ಗುಂಪಾಗಿ ಕಂಡರೆ, ದಪ್ಪ ಇಳಿದಿದ್ದರೆ, ಆ ರೋಪು ಗುಜರಿಗೆ. ಮತ್ತೆ ಸುತ್ತುವಾಗ ಭಾರ ಕೊಟ್ಟು ಬಿಗಿಯಾಗಿ ಸುತ್ತಬೇಕು. ಬಾವಿಯ ರಾಟೆಗೂ ಕಡಲ ವಿಂಚ್‌ಗೂ ನಿಯಮ ಒಂದೇ.

ದೂರದ ಸರೋವರದ ಒಂದು ಚಿಕ್ಕ ಡ್ರಮ್ಮು

ಇದೇ ವಿಷಯ ಓದುತ್ತಾ ಹೋದಾಗ ಅಮೆರಿಕದ ಮಿಶಿಗನ್ ಸರೋವರದ ಕಥೆ ಸಿಕ್ಕಿತು. ಅತಿಯಾದ ಮೀನುಗಾರಿಕೆಯಿಂದ, ಹೊರಗಿನಿಂದ ಬಂದ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿಯಿಂದ ಅಲ್ಲಿನ ದೊಡ್ಡ ಮೀನುಗಳು ನಾಶವಾಗಿದ್ದವು. 1966ರಲ್ಲಿ ಮಿಶಿಗನ್ ರಾಜ್ಯದವರು ಪೆಸಿಫಿಕ್ ಕಡೆಯ ಕೋಹೋ ಸಾಲ್ಮನ್ ಮರಿಗಳನ್ನು ತಂದು ಬಿಟ್ಟರು. ಮೀನು ಬೆಳೆಯಿತು, ಗಾಳ ಹಾಕುವ ಹವ್ಯಾಸಿಗಳು ಮುಗಿಬಿದ್ದರು. ಆದರೆ ಸಾಲ್ಮನ್‌ಗೆ ತಣ್ಣೀರು ಬೇಕು, ಬೇಸಿಗೆಯಲ್ಲಿ ಆಳಕ್ಕೆ ಇಳಿಯುತ್ತದೆ. ಅಷ್ಟು ಆಳಕ್ಕೆ ಗಾಳ ಇಳಿಸಲು ಅಲ್ಲಿ ಡೌನ್‌ರಿಗರ್ ಎಂಬ ಸಾಧನದ ಬಳಕೆ ಹೆಚ್ಚಿತು. ದೋಣಿಯ ಅಂಚಿಗೆ ಕೂರಿಸಿದ ಚಿಕ್ಕ ಡ್ರಮ್ಮು, ಅದಕ್ಕೆ ತೆಳು ಉಕ್ಕಿನ ತಂತಿ, ತುದಿಗೆ ನಾಲ್ಕೈದು ಕಿಲೋದ ಸೀಸದ ಗುಂಡು. ಗಾಳದ ದಾರವನ್ನು ಒಂದು ಕ್ಲಿಪ್ಪಿನಿಂದ ಅದಕ್ಕೆ ಸಿಕ್ಕಿಸಿ ಆಳಕ್ಕೆ ಬಿಡುತ್ತಾರೆ. ಮೀನು ಕಚ್ಚಿದರೆ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ.

ಅಲ್ಲಿಯೂ ಕಾಯಿಲೆ ಇವೇ: ಮುರುಟು, ತುಂಡಾದ ಎಳೆ, ಡ್ರಮ್ಮಿನಲ್ಲಿ ಅಡ್ಡಾದಿಡ್ಡಿ ಸುತ್ತು. ಮದ್ದೂ ಇದೇ: ಕೊನೆಯ ಕೆಲವು ಅಡಿ ನೋಡು, ಹಾಳಾಗಿದ್ದರೆ ಕತ್ತರಿಸಿ ಹೊಸ ಕುಣಿಕೆ ಹಾಕು, ಡ್ರಮ್ಮು ತೊಳೆ, ಬಿಗಿಯಾಗಿ ಸುತ್ತು. ಈಗ ಅಲ್ಲಿ ಹಲವರು ಉಕ್ಕು ಬಿಟ್ಟು ಹೆಣೆದ ಪಾಲಿಥಿಲೀನ್ ದಾರಕ್ಕೆ ಹೋಗಿದ್ದಾರೆ. ತುಕ್ಕಿಲ್ಲ, ಮುರುಟಿಲ್ಲ. ಆದರೆ ಚೂಪಾದ ಅಂಚಿಗೆ ಉಜ್ಜಿದರೆ ಸದ್ದಿಲ್ಲದೆ ಹರಿಯುತ್ತದೆ, ಹಾಗಾಗಿ ಅದಕ್ಕೂ ಅದರದೇ ನಿಗಾ ಬೇಕು.

ಅದು ಮೋಜಿನ ಗಾಳ, ನಮ್ಮದು ಹೊಟ್ಟೆಪಾಡು. ಆದರೂ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಡ್ರಮ್ಮು ಯಾರದೋ ಬೆರಳೂ ಅವನದೇ. ತಂತಿ ಹರಿದರೆ ಅವನದೇ ಗುಂಡು ನೀರುಪಾಲು. ಹಾಗಾಗಿ ಸಂಜೆ ಮನೆಗೆ ಹೋಗುವ ಮುಂಚೆ ಅವನೇ ನೋಡಿ, ಅವನೇ ಒರೆಸುತ್ತಾನೆ. ನಮ್ಮ ರಂಪಣಿಯಲ್ಲೂ ಹಾಗೇ ಇತ್ತು. ಇವತ್ತಿನ ಬೋಟಿನಲ್ಲಿ ರೋಪು ಒಬ್ಬರದು, ಬೆರಳು ಇನ್ನೊಬ್ಬರದು.

ಒಂದು ನೋಟ್‌ಬುಕ್ಕಿನ ಮಾತು

ಬೋಟಿನವರನ್ನು ದೂರುವುದು ಸುಲಭ. ಸಾಲದ ಕಂತು, ಡೀಸೆಲ್, ಐಸು, ಮೀನಿಲ್ಲದ ವರ್ಷ, ಎಲ್ಲವೂ ಅವರ ತಲೆ ಮೇಲಿದೆ. ರೋಪು ಬದಲಿಸುವ ಖರ್ಚು ಕಣ್ಣಿಗೆ ಕಾಣುತ್ತದೆ, ಬದಲಿಸಿದ್ದರಿಂದ ಉಳಿದ ಬೆರಳು ಯಾರಿಗೂ ಕಾಣುವುದಿಲ್ಲ. ನಾನು ಮಾತಾಡಿಸಿದ ಮಾಲೀಕರೊಬ್ಬರು ಸ್ವತಃ ಕಲಾಸಿಯಾಗಿ ದುಡಿದು ಬೋಟು ಮಾಡಿದವರು. ಅವರ ಕೈಯಲ್ಲೂ ಹಳೆಯ ಗಾಯದ ಗುರುತು ಇತ್ತು.

ಆದರೆ ಖರ್ಚಿಲ್ಲದ ಕೆಲಸಗಳೂ ಇವೆ. ಎಂಜಿನ್ ಆಯಿಲ್ ಬದಲಿಸಿದ ದಿನವನ್ನು ಬರೆದಿಡುವ ಬೋಟುಗಳಿವೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ರೋಪು ಕೊಂಡ ದಿನ, ಗ್ರೀಸ್ ಹಾಕಿದ ದಿನ, ತುದಿ ತಿರುವಿದ ದಿನ, ಬಟ್ಟೆ ಸಿಕ್ಕಿಕೊಂಡ ಜಾಗ ಬರೆದಿಟ್ಟರೆ ಸಾಕು. ಆಗಸ್ಟಿನಲ್ಲಿ ಬರುವ ಹೊಸ ಹುಡುಗನಿಗೆ ಅವನ ಭಾಷೆಯಲ್ಲಿ ಆ ಪುಟ ಓದಿ ಹೇಳಬೇಕು. ರೋಪನ್ನು ಸಾಲಿಗೆ ನೂಕಲು ಉದ್ದದ ಕಬ್ಬಿಣದ ಸಲಾಕೆಯೊಂದನ್ನು ವಿಂಚ್ ಪಕ್ಕದಲ್ಲೇ ಕಟ್ಟಿಟ್ಟರೆ ಕೈ ಅಲ್ಲಿಗೆ ಹೋಗುವುದಿಲ್ಲ. ಇದನ್ನು ಮಾಡಿದ ಬೋಟುಗಳನ್ನು ಅದೇ ಧಕ್ಕೆಯಲ್ಲಿ ನೋಡಿದೆ. ಮಾಡದವೂ ಇದ್ದವು.

ನನ್ನ ಪಾಲಿನ ಕೆಲಸವೂ ಒಂದಿದೆ. ಇನ್ನು ಮುಂದೆ ವಿಂಚ್ ಅವಘಡದ ಸುದ್ದಿ ಬಂದರೆ ನಾನು ಮೂರು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ. ರೋಪಿಗೆ ಎಷ್ಟು ವರ್ಷ? ಕೊನೆಯ ಬಾರಿ ಯಾರು ನೋಡಿದ್ದರು? ನೂಕಲು ಸಲಾಕೆ ಇತ್ತೇ? ಪತ್ರಿಕೆಯಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಜಾಗ ಸಿಗದಿದ್ದರೆ ಇಲ್ಲಿ ಬರೆಯುತ್ತೇನೆ.

ನಾನು ಹೊರಡುವಾಗ ಸಂಜೆಯಾಗಿತ್ತು. ಹಿರಿಯರು ಲೆಕ್ಕ ಹಾಕಿದರು, ಕೆಂಪು ಬಣ್ಣ ಒಟ್ಟು ಏಳು ಕಡೆ ಬಿದ್ದಿತ್ತು. ಅದರಲ್ಲಿ ನಾಲ್ಕು ಒಂದೇ ಮಾರಿನೊಳಗೆ. ಮಾಲೀಕರಿಗೆ ಫೋನ್ ಮಾಡಿ, ಆ ಉದ್ದ ಹೋಗಲೇಬೇಕು ಎಂದರು. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಫೋನ್ ಇಟ್ಟು ಅವರು ಕತ್ತರಿಸುವ ಯಂತ್ರ ತರಲು ಒಬ್ಬ ಹುಡುಗನನ್ನು ಕಳಿಸಿದರು.

ಈ ರಜೆಯಲ್ಲಿ ನಿಮ್ಮೂರಿನ ಧಕ್ಕೆಗೆ ಹೋಗುವುದಿದ್ದರೆ ಜೇಬಿನಲ್ಲಿ ಒಂದು ಹಳೇ ಬಟ್ಟೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ರಂಪಣಿ ಎಳೆದವರು, ಬಲೆಗೆ ಒಗರು ಕುಡಿಸಿದವರು ಇದ್ದರೆ ಯಾವ ಮರದ ತೊಗಟೆ ಹಾಕುತ್ತಿದ್ದರು, ಎಷ್ಟು ಹೊತ್ತು ಕುದಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ನಮಗೂ ಕಳಿಸಿ. ಅವರೆಲ್ಲ ಈಗ ಎಂಬತ್ತು ದಾಟಿದವರು.